ಬಿಲ್ಲಿನಲ್ಲೇ ಟಿಪ್ಸ್ ಹಿಡಿದ ಮೇಲೂ ಹಡಗಿನವರಿಗೆ ಕ್ರಿಸ್‌ಮಸ್ ಕೊಡುಗೆ ಬೇಕೆ?

ಪ್ರಶ್ನೆ: ಫ್ಲಾರಿಡಾದಲ್ಲಿರುವ ಮಗಳು, ಅಳಿಯ ಈ ಸಲ ಕ್ರಿಸ್‌ಮಸ್ ರಜೆಗೆ ಏಳು ರಾತ್ರಿಯ ಕ್ರೂಸ್ (ಹಡಗಿನ ವಿಹಾರ) ಬುಕ್ ಮಾಡಿದ್ದಾರೆ. ನಾವಿಬ್ಬರು, ಅವರಿಬ್ಬರು, ಇಬ್ಬರು ಮೊಮ್ಮಕ್ಕಳು. ತಲೆಗೆ ದಿನಕ್ಕೆ ಇಷ್ಟು ಎಂದು ಟಿಪ್ಸನ್ನು ಬಿಲ್ಲಿಗೆ ಆಗಲೇ ಸೇರಿಸಿದ್ದಾರೆ. ಅದನ್ನು ತೆಗೆಸಿ ನಾವೇ ಕೈಯಾರೆ ಕೊಡುವುದು ಒಳ್ಳೆಯದು ಎಂದು ಪರಿಚಯದವರು ಹೇಳುತ್ತಾರೆ. ಹಬ್ಬದ ಸಮಯ ಬೇರೆ. ಮೇಲಿಂದ ಮತ್ತೆ ಕೊಡಬೇಕೆ? ಕೊಡುವುದಾದರೆ ಯಾರಿಗೆ, ಎಷ್ಟು? ಊರಿಂದ ಚಕ್ಕುಲಿ, ಮೈಸೂರು ಪಾಕ್ ಒಯ್ದು ಕೊಡಬಹುದೆ?

ಉತ್ತರ: ಚುಟುಕಾಗಿ ಮೊದಲೇ ಹೇಳಿಬಿಡುತ್ತೇನೆ. ಬಿಲ್ಲಿನಲ್ಲಿರುವುದನ್ನು ತೆಗೆಸಬೇಡಿ. ಅದರ ಮೇಲೆ ಕೊಡಲೇಬೇಕೆಂಬ ಕಟ್ಟಳೆ ಇಲ್ಲ, ಆದರೆ ಹಬ್ಬದ ವಾರವಾದ್ದರಿಂದ ಕೋಣೆ ನೋಡಿಕೊಳ್ಳುವವರಿಗೆ, ಊಟ ಬಡಿಸುವವರಿಗೆ ಒಂದಿಷ್ಟು ನಗದು ಕೊಟ್ಟರೆ ಚೆನ್ನ. ಮನೆಯಲ್ಲಿ ಕರಿದ ಚಕ್ಕುಲಿ ಮಗಳ ಮನೆಯಲ್ಲೇ ಖಾಲಿಯಾಗಲಿ.

ಬಿಲ್ಲಿನ ಆ ಸಾಲು ನೋಡಿ ಎದೆ ಧಸಕ್ಕೆನ್ನುವುದು ಸಹಜ. ರಾಯಲ್ ಕೆರಿಬಿಯನ್ ಎಂಬ ಹಡಗು ಕಂಪನಿ ಕೆಲವು ವರ್ಷಗಳ ಹಿಂದೆ ಸಾಮಾನ್ಯ ಕೋಣೆಯವರಿಗೆ ತಲೆಗೆ ದಿನಕ್ಕೆ 18.50 ಡಾಲರ್, ದೊಡ್ಡ ಸೂಟ್ ಕೋಣೆಯವರಿಗೆ 21 ಡಾಲರ್ ಎಂದು ಗೊತ್ತುಮಾಡಿತು. 2023ರಲ್ಲಿ ಕಾರ್ನಿವಲ್‌ನ ದರ 16 ಮತ್ತು 18 ಡಾಲರ್ ಆಯಿತು. ನಾರ್ವೀಜಿಯನ್‌ನದು 20 ಮತ್ತು 25. ಈ ದರಗಳು ಆಗಾಗ ಏರುತ್ತವೆ, ನಿಮ್ಮ ಬುಕಿಂಗಿನಲ್ಲಿ ಕಾಣುವ ಅಂಕಿಯನ್ನೇ ನಂಬಿ. ತಮ್ಮದೇ ಹಾಸಿಗೆ ಪಡೆದ ಮಕ್ಕಳಿಗೂ ಸಾಮಾನ್ಯವಾಗಿ ದೊಡ್ಡವರ ಲೆಕ್ಕವೇ. ತೀರ ಎಳೆಗೂಸುಗಳನ್ನು ಕೆಲವು ಕಂಪನಿಗಳು ಬಿಡುತ್ತವೆ. 18.50ರ ದರದಲ್ಲಿ ನಿಮ್ಮ ಆರು ಜನಕ್ಕೆ ಏಳು ದಿನಕ್ಕೆ 777 ಡಾಲರ್. ಡಾಲರಿಗೆ 85 ರೂಪಾಯಿ ಎಂದುಕೊಂಡರೂ 66 ಸಾವಿರ! ಇಷ್ಟು ಕೊಟ್ಟ ಮೇಲೂ ‘ಇನ್ನೂ ಸ್ವಲ್ಪ ಕೊಡಿ’ ಎಂದರೆ ಯಾರಿಗಾದರೂ ಸಿಟ್ಟು ಬಂದೀತು. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಸಿಟ್ಟು ಯಾರ ಮೇಲೆ ಬರಬೇಕು ಎನ್ನುವುದಾದರೂ ಸ್ಪಷ್ಟವಾಗುತ್ತದೆ.

ಹಿಂದೆ ಹೀಗಿರಲಿಲ್ಲ. ಹಡಗು ಹತ್ತಿದ ದಿನ ಒಂದು ಮೇಜು ಗೊತ್ತಾಗುತ್ತಿತ್ತು, ಇಳಿಯುವವರೆಗೆ ಅದೇ ಮೇಜು, ಅದೇ ವೇಟರ್. ಕೊನೆಯ ರಾತ್ರಿ ಲಕೋಟೆಯಲ್ಲಿ ನೋಟಿಟ್ಟು ಕೈಗೆ ಕೊಡುವುದು ರೂಢಿ. 2000ದ ಸುಮಾರಿಗೆ ನಾರ್ವೀಜಿಯನ್ ಕಂಪನಿ ‘ಯಾವಾಗ ಬೇಕಾದರೂ ಬನ್ನಿ, ಎಲ್ಲಿ ಬೇಕಾದರೂ ಕೂತು ಉಣ್ಣಿ’ ಎಂಬ ಪದ್ಧತಿ ತಂದಿತು. ಇವತ್ತು ಬಡಿಸಿದವನು ನಾಳೆ ಸಿಗುವುದೇ ಇಲ್ಲ ಎಂದಾದಾಗ ಲಕೋಟೆ ಯಾರ ಕೈಗೆ? ದಿನಕ್ಕಿಷ್ಟು ಎಂದು ಎಲ್ಲರಿಂದ ಹಿಡಿದು ಒಟ್ಟು ಮಾಡಿ ಹಂಚುವ ಕ್ರಮ ಬೇರೂರಿತು. ಕಂಪನಿಗೂ ಅದು ಅನುಕೂಲವೇ ಆಯಿತು: ಟಿಕೆಟ್ ಬೆಲೆ ಕಡಿಮೆ ತೋರಿಸಬಹುದು, ಸಂಬಳದ ಭಾರದಲ್ಲಿ ಒಂದು ಪಾಲನ್ನು ಪ್ರಯಾಣಿಕರ ಹೆಗಲಿಗೆ ದಾಟಿಸಬಹುದು.

ಹೌದು, ನಾವು ಟಿಪ್ಸ್ ಎಂದುಕೊಳ್ಳುವ ಆ ಹಣ ಬಹುಮಟ್ಟಿಗೆ ಸಂಬಳವೇ. ಫ್ಲಾರಿಡಾದಿಂದ ಹೊರಟರೂ ಈ ಹಡಗುಗಳಲ್ಲಿ ಬಹುಪಾಲು ಬಹಾಮಾಸ್ ಅಥವಾ ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದಂಥವು. ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಅಲ್ಲಿ ನಡೆಯುವುದಿಲ್ಲ. ಕೋಣೆ ಗುಡಿಸುವವರು, ವೇಟರುಗಳು ಮುಖ್ಯವಾಗಿ ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದವರು. ಆರರಿಂದ ಒಂಬತ್ತು ತಿಂಗಳ ಗುತ್ತಿಗೆ, ವಾರದ ರಜೆ ಎಂಬುದಿಲ್ಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಮುದ್ರ ಕಾರ್ಮಿಕ ಒಪ್ಪಂದದಲ್ಲಿ ಕೆಲಸದ ಸಮಯಕ್ಕೆ ಹಾಕಿದ ಮಿತಿ ನೋಡಿ: ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು. ಇಲ್ಲವೇ ವಿಶ್ರಾಂತಿಯ ಲೆಕ್ಕದಲ್ಲಿ, ದಿನಕ್ಕೆ 10 ಗಂಟೆಗೆ ಕಡಿಮೆಯಾಗಬಾರದು. ಅದನ್ನೂ ಎರಡು ತುಂಡು ಮಾಡಿ ಕೊಡಬಹುದು, ಒಂದು ತುಂಡು ಆರು ಗಂಟೆಯದಾದರೆ ಸಾಕು. ಕಾರ್ಮಿಕರನ್ನು ಕಾಪಾಡಲೆಂದು ಹಾಕಿದ ಮಿತಿಯೇ ಇಷ್ಟು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಳೂರು, ಉಡುಪಿ ಕಡೆ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಸಿಡಿಸಿ ಪುಸ್ತಕ (ಹಡಗಿನ ಕೆಲಸಕ್ಕೆ ಬೇಕಾದ ನಾವಿಕರ ದಾಖಲೆ) ಮಾಡಿಸಿ, ಅಮೆರಿಕದ ವೀಸಾ ಹಾಕಿಸಿಕೊಂಡು ಮುಂಬೈಯಿಂದ ವಿಮಾನ ಹತ್ತಿದ ಹುಡುಗ ಎಂದೇ ಅರ್ಥ. ಊರಲ್ಲಿ ಮನೆ ಎದ್ದದ್ದು ಕಾಣುತ್ತದೆ, ತಂಗಿಯ ಮದುವೆಗೆ ಅವನಿಗೆ ಬರಲಾಗದ್ದು ಅಷ್ಟಾಗಿ ಕಾಣುವುದಿಲ್ಲ.

ತೆಗೆಸಬೇಡಿ ಎಂದದ್ದಕ್ಕೆ ಕಾರಣ ಇನ್ನೂ ಒಂದಿದೆ. ಆ ಮೊತ್ತ ನಿಮಗೆ ಕಾಣುವ ಇಬ್ಬರು ಮೂವರಿಗಷ್ಟೇ ಅಲ್ಲ, ತೆರೆಯ ಹಿಂದೆ ದುಡಿಯುವ ಅಡುಗೆಮನೆ ಮತ್ತು ಹೋಟೆಲ್ ವಿಭಾಗದ ಇತರರಿಗೂ ಹಂಚಿಹೋಗುತ್ತದೆ. ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ಕೇಳಿದರೆ ಹೆಚ್ಚಿನ ಕಂಪನಿಗಳು ತೆಗೆದುಕೊಡುತ್ತವೆ, ನಿಜ. ಆದರೆ ಹಾಗೆ ತೆಗೆಸಿದವರು ಕೈಯಾರೆ ಕೊಟ್ಟ ನಗದನ್ನು ಸಿಬ್ಬಂದಿ ಮತ್ತೆ ಒಟ್ಟು ನಿಧಿಗೇ ಹಾಕಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ನೀವು ಪ್ರೀತಿಯಿಂದ ಕೊಟ್ಟ 50 ಡಾಲರ್ ಅವನ ಜೇಬಿಗೆ ಇಳಿಯುವುದೇ ಇಲ್ಲ. ಬಿಲ್ಲಿನದನ್ನು ಹಾಗೇ ಬಿಟ್ಟು ಮೇಲಿಂದ ಕೊಟ್ಟರೆ ಅದು ಅವನದೇ. ಕಂಪನಿಯ ಧೋರಣೆ ಹಿಡಿಸದಿದ್ದರೆ ಕಂಪನಿಗೆ ಬರೆಯಿರಿ, ಮುಂದಿನ ಸಲ ಬೇರೆ ಹಡಗು ಹಿಡಿಯಿರಿ. ಹಾಸಿಗೆ ಹಾಸುವವನ ಮೇಲೆ ತೀರಿಸಿಕೊಳ್ಳುವುದು ಬೇಡ. ಸೇವೆ ನಿಜಕ್ಕೂ ಕೆಟ್ಟದಾಗಿದ್ದರೆ ಮಾತು ಬೇರೆ. ಆಗಲೂ ಎರಡನೆಯ ದಿನವೇ ಹೇಳಿ ಸರಿಪಡಿಸಿಕೊಳ್ಳಿ, ಕೊನೆಯ ರಾತ್ರಿಯವರೆಗೆ ಕೋಪ ಕೂಡಿಡಬೇಡಿ.

ಇನ್ನು ಹಬ್ಬದ ಕೊಡುಗೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳು ಹಡಗಿನವರಿಗೆ ವರ್ಷದಲ್ಲೇ ಅತಿ ಒತ್ತಡದವು. ಇಬ್ಬರಿಗಾಗಿ ಮಾಡಿದ ಕೋಣೆಯಲ್ಲಿ ಗೋಡೆಯಿಂದ ಇಳಿಸುವ ಹಾಸಿಗೆ ಹಾಕಿಕೊಂಡು ನಾಲ್ವರಿರುತ್ತಾರೆ. ಅಷ್ಟೇ ಕೋಣೆಗಳು, ಎರಡು ಪಟ್ಟು ಟವೆಲು, ನೆಲದ ತುಂಬ ಬಿಸ್ಕತ್ತಿನ ಪುಡಿ. ಫಿಲಿಪೀನ್ಸಿನವರಿಗೆ, ಗೋವಾ–ಮಂಗಳೂರಿನ ಅನೇಕರಿಗೆ ಅದು ಸ್ವಂತ ಹಬ್ಬ ಬೇರೆ. ಅವತ್ತೇ ತಲೆಗೆ ಕೆಂಪು ಟೋಪಿ ಹಾಕಿಕೊಂಡು ನಮಗೆ ಬಡಿಸುತ್ತಿರುತ್ತಾರೆ. ನಮ್ಮಲ್ಲಿ ದೀಪಾವಳಿಗೆ ಅಂಚೆಯಣ್ಣನಿಗೆ, ವಾಚ್‌ಮನ್‌ಗೆ ಕೊಡುವ ಇನಾಮಿನಂತೆಯೇ ಇದನ್ನು ಅಂದುಕೊಳ್ಳಿ: ಲೆಕ್ಕವಿಲ್ಲ, ಆದರೆ ಒಂದು ಅಂದಾಜಿದೆ.

ನನ್ನ ಅಂದಾಜು ಹೀಗೆ. ಏಳು ರಾತ್ರಿಗೆ ಕೋಣೆ ನೋಡಿಕೊಳ್ಳುವವರಿಗೆ ಪ್ರತಿ ಕೋಣೆಗೆ 20ರಿಂದ 40 ಡಾಲರ್. ಮಕ್ಕಳಿರುವ ಕೋಣೆಯಾದರೆ ಮೇಲಿನ ತುದಿಗೆ ಹೋಗಿ. ದಿನವೂ ಒಂದೇ ಮೇಜಿನಲ್ಲಿ ಕೂತಿದ್ದರೆ ಆ ವೇಟರಿಗೆ ಆರು ಜನದ ಪರವಾಗಿ 40ರ ಆಸುಪಾಸು, ಅವರ ಸಹಾಯಕರಿಗೆ ಅದರ ಅರ್ಧ. ಸಸ್ಯಾಹಾರಿಗಳಾದ ನಮ್ಮವರಿಗೆ ಹೆಡ್ ವೇಟರ್ ಮೊದಲ ರಾತ್ರಿಯೇ ವಿಚಾರಿಸಿ, ಮೆನುವಿನಲ್ಲಿಲ್ಲದ ದಾಲು, ಪಲ್ಯ, ಚಪಾತಿ ದಿನಾ ಮಾಡಿಸಿಕೊಡುವುದುಂಟು. ಹಾಗೆ ಮಾಡಿಸಿದವರಿಗೆ 20 ಡಾಲರ್ ಕೊಟ್ಟರೆ ಖಂಡಿತ ಹೆಚ್ಚಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಸಲ್ಲುವ ಟಿಪ್ಸ್. ಕೋಣೆಗೆ ಊಟ ತಂದುಕೊಟ್ಟವರಿಗೆ ಸಲಕ್ಕೆ ಎರಡು ಮೂರು ಡಾಲರ್. ಬಾರಿನಲ್ಲಿ, ಸ್ಪಾದಲ್ಲಿ ಬಿಲ್ಲಿನ ಮೇಲೆ ಶೇಕಡಾ 18ರಿಂದ 20 ತಾನಾಗಿಯೇ ಸೇರಿರುತ್ತದೆ. ಸಹಿ ಹಾಕುವ ಚೀಟಿಯಲ್ಲಿ ಕೆಳಗೆ ಮತ್ತೊಂದು ಖಾಲಿ ಸಾಲಿರುತ್ತದೆ, ಅದನ್ನು ತುಂಬಲೇಬೇಕು ಎಂದು ಗಾಬರಿಯಾಗಬೇಡಿ. ಕ್ಯಾಪ್ಟನ್‌ಗೆ, ಭುಜದ ಮೇಲೆ ಪಟ್ಟಿ ಇರುವ ಅಧಿಕಾರಿಗಳಿಗೆ ಹಣ ಕೊಡುವ ಪದ್ಧತಿಯೇ ಇಲ್ಲ.

ಕೊಡುವ ಸಮಯವೂ ಮುಖ್ಯ. ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗಿಡುವ ಗಡಿಬಿಡಿಯಲ್ಲಿ ನೀವು, ಅವನ್ನು ಸಾಗಿಸುವ ಗಡಿಬಿಡಿಯಲ್ಲಿ ಅವರು. ಮರುದಿನ ಬೆಳಿಗ್ಗೆ ನೀವು ಇಳಿದ ಕೆಲವೇ ಗಂಟೆಗಳಲ್ಲಿ ಅದೇ ಕೋಣೆಗೆ ಮುಂದಿನ ಪ್ರಯಾಣಿಕರು ಬರಬೇಕು. ಆಗ ಹುಡುಕಿದರೆ ಕೈಗೆ ಸಿಗುವುದಿಲ್ಲ. ಕ್ರಿಸ್‌ಮಸ್ ಹಿಂದಿನ ಸಂಜೆಯೇ ಲಕೋಟೆ ಕೊಟ್ಟುಬಿಡಿ. ಐದು, ಹತ್ತು, ಇಪ್ಪತ್ತರ ನೋಟುಗಳನ್ನು ದಡದಲ್ಲೇ ಬ್ಯಾಂಕಿನಿಂದ ತೆಗೆದಿಟ್ಟುಕೊಳ್ಳಿ. ಚಿಲ್ಲರೆ ನಾಣ್ಯ ಬೇಡ, ಬೇರೆ ದೇಶದಲ್ಲಿ ಅದನ್ನು ಯಾರೂ ಬದಲಾಯಿಸಿಕೊಡುವುದಿಲ್ಲ.

ಚಕ್ಕುಲಿ, ಮೈಸೂರು ಪಾಕಿನ ವಿಷಯ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ತರಲು ಬಹಳ ಕಂಪನಿಗಳು ಬಿಡುವುದಿಲ್ಲ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಮುನ್ಸೂಚನೆ ಕೊಡದೆ ತಪಾಸಣೆ ಮಾಡಿ ಅಂಕ ಕೊಡುತ್ತದೆ, ಹಡಗಿನಲ್ಲಿ ವಾಂತಿಭೇದಿ ಹಬ್ಬಿದರೆ ಸುದ್ದಿಯಾಗುತ್ತದೆ. ಹಾಗಾಗಿ ಬಿಡಿ ತಿಂಡಿ ಎಂದರೆ ಸಿಬ್ಬಂದಿಗೂ ಭಯ. ನಿಮ್ಮೆದುರು ನಕ್ಕು ತೆಗೆದುಕೊಂಡು ಆಚೆ ಹೋಗಿ ಕಸಕ್ಕೆ ಹಾಕಬೇಕಾಗಬಹುದು. ಅಂಗಡಿಯಲ್ಲಿ ಸೀಲ್ ಮಾಡಿದ ಮೈಸೂರು ಪಾಕ್, ಚಾಕಲೇಟ್, ಗೋಡಂಬಿ ಪೊಟ್ಟಣವಾದರೆ ತೊಂದರೆಯಿಲ್ಲ. ಸಿಬ್ಬಂದಿಯ ಕೋಣೆ ನೀರಿನ ಮಟ್ಟದ ಆಸುಪಾಸಿನಲ್ಲಿ, ಇಬ್ಬರಿಗೆ ಒಂದು, ಬಂಕ್ ಹಾಸಿಗೆಯದು. ಊರಿಗೆ ಮರಳುವಾಗ ವಿಮಾನದ ತೂಕದ ಮಿತಿ ಇದ್ದೇ ಇರುತ್ತದೆ. ಹಾಗಾಗಿ ಗಂಧದ ಆನೆ, ಚನ್ನಪಟ್ಟಣದ ದೊಡ್ಡ ಗೊಂಬೆ, ಶಾಲು ಇವೆಲ್ಲ ಮನಸ್ಸಿಗೆ ಹಿತ, ಒಯ್ಯುವವರಿಗೆ ಹೊರೆ. ಮದ್ಯದ ಬಾಟಲಿಯಂತೂ ಬೇಡವೇ ಬೇಡ. ಕುಡಿತದ ನಿಯಮ ಅಲ್ಲಿ ಬಲು ಬಿಗಿ, ಅವರ ಕೆಲಸಕ್ಕೇ ಸಂಚಕಾರ ಬಂದೀತು. ಅಮೆರಿಕದ ಅಂಗಡಿಗಳ ಗಿಫ್ಟ್ ಕಾರ್ಡ್ ಅವರ ಊರಿನಲ್ಲಿ ನಡೆಯದೆ ಹೋಗಬಹುದು. ಮೊಮ್ಮಕ್ಕಳ ಕೈಲಿ ಒಂದು ಕಾರ್ಡು ಬರೆಸಿ, ಒಳಗೆ ನೋಟಿಡಿ. ಅಷ್ಟು ಸಾಕು.

ದುಡ್ಡಿಲ್ಲದೆ ಕೊಡುವಂಥದ್ದೂ ಒಂದಿದೆ. ಪ್ರಯಾಣ ಮುಗಿದ ಮೇಲೆ ಇಮೇಲಿಗೆ ಬರುವ ಸಮೀಕ್ಷೆಯಲ್ಲಿ ಅವರ ಹೆಸರು, ವಿಭಾಗ, ಏನು ಮಾಡಿದರು ಎಂಬುದನ್ನು ಬರೆಯಿರಿ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು ಮತ್ತು ಸಾಮಾನ್ಯವಾಗಿ ದೇಶದ ಹೆಸರೂ ಇರುತ್ತದೆ, ಫೋಟೊ ತೆಗೆದಿಟ್ಟುಕೊಂಡರೆ ಕಾಗುಣಿತ ತಪ್ಪುವುದಿಲ್ಲ. ಇಂಥ ಮೆಚ್ಚುಗೆ ಬಡ್ತಿಗೆ, ಮುಂದಿನ ಗುತ್ತಿಗೆಗೆ ಆಧಾರವಾಗುತ್ತದೆ. ‘ಎಲ್ಲರೂ ಚೆನ್ನಾಗಿ ನೋಡಿಕೊಂಡರು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಬಿಲ್ಲೆಯಲ್ಲಿ ‘ಇಂಡಿಯಾ’ ಎಂದಿದ್ದು, ವಿಚಾರಿಸಿದಾಗ ಕುಂದಾಪುರದ ಹುಡುಗನೇ ಆಗಿಬಿಟ್ಟರೆ ಕನ್ನಡದಲ್ಲಿ ನಾಲ್ಕು ಮಾತಾಡಿ, ಅವನಿಗೂ ಖುಷಿ. ಸಂಬಳ ಎಷ್ಟು ಎಂದು ಮಾತ್ರ ಕೇಳಬೇಡಿ. ನಮ್ಮವನೆಂದು ಅವನಿಗೊಬ್ಬನಿಗೇ ಕೊಟ್ಟು, ಜೊತೆಗೆ ಬಡಿಸಿದ ಇಂಡೋನೇಷ್ಯಾದ ಹುಡುಗಿಯನ್ನು ಬಿಡುವುದೂ ಬೇಡ.

ಎಲ್ಲ ಹಡಗಿನಲ್ಲೂ ಇದೇ ಕ್ರಮ ಎಂದುಕೊಳ್ಳಬೇಡಿ. ಬ್ರಿಟನ್ನಿನ ಪಿ ಅಂಡ್ ಓ 2019ರಿಂದ ದಿನದ ಟಿಪ್ಸನ್ನೇ ಕೈಬಿಟ್ಟಿದೆ. ಸಿಲ್ವರ್‌ಸೀ, ರೀಜೆಂಟ್ ತರಹದ ದುಬಾರಿ ಹಡಗುಗಳಲ್ಲಿ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಮುಂದೆ ಎಂದಾದರೂ ಮುಂಬೈಯಿಂದಲೋ ಸಿಂಗಪುರದಿಂದಲೋ ಹೊರಟರೆ ಟಿಕೆಟ್ಟಿನ ಬೆಲೆಯ ಕೆಳಗಿನ ಸಣ್ಣ ಅಕ್ಷರದಲ್ಲಿ ಸರ್ವಿಸ್ ಚಾರ್ಜ್ ಒಳಗೋ ಹೊರಗೋ ಎಂದು ಓದಿಕೊಳ್ಳಿ. ಫ್ಲಾರಿಡಾದ ಬಂದರಿನ ಬಾಗಿಲಲ್ಲೇ ನಿಮ್ಮ ಸೂಟ್‌ಕೇಸ್ ಎತ್ತಿಕೊಳ್ಳುವ ಪೋರ್ಟರುಗಳು ಹಡಗಿನವರಲ್ಲ, ಬಂದರಿನವರು. ಬಿಲ್ಲಿನ ಟಿಪ್ಸಿನಲ್ಲಿ ಅವರ ಪಾಲಿಲ್ಲ. ಪೆಟ್ಟಿಗೆಗೆ ಒಂದೆರಡು ಡಾಲರ್ ಲೆಕ್ಕದಲ್ಲಿ ಬಿಡಿ ನೋಟುಗಳನ್ನು ಕಾರು ಇಳಿಯುವ ಮೊದಲೇ ಅಳಿಯನ ಮೇಲಿನ ಜೇಬಿನಲ್ಲಿ ಇರಿಸಿಬಿಡಿ.