ಒಂದೂವರೆ ಸಾವಿರ ಬಿಲ್ಲುಗಾರರನ್ನು ಟೆಲಿಫೋನ್ ತಂತಿಯಲ್ಲಿ ಕಳಿಸೋದು ಹೇಗೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಗೇಮ್ ಭಾಳ ಲ್ಯಾಗ್ ಆಗ್ಲಕತ್ತದರಿ, ರ್‍ಯಾಮ್ ಜಾಸ್ತಿ ಇದ್ದದ್ದು ತೋರಸ್ರಿ." ಹೊಸ ಫೋನ್ ಮನೆಗೆ ಬರುತ್ತೆ, ಲ್ಯಾಗ್, ಅಂದ್ರೆ ಬೆರಳು ಒತ್ತಿದ್ದು ತಡವಾಗಿ ನಡೆಯೋ ಕಾಟ, ಮಾತ್ರ ಹೋಗಲ್ಲ. ಆಗ ಕಾರಣ ಹುಡುಕೋದು ಶುರು. ನಮ್ಮ ಅಣ್ಣನ ಮಗನ ಪ್ರಕಾರ, "ಕಾಕಾ, ಸರ್ವರ್‌ನವ್ರು ಬೇಕಂತಾನೇ ನಮ್ಮ ಕಡಿ ಮಂದಿಗಿ ಲ್ಯಾಗ್ ಕೊಡ್ತಾರ." ಅವನ ಗೆಳೆಯನದು ಇನ್ನೂ ಒಂದು ಕೈ ಮೇಲು. ಅವನ ಐಡಿಗೆ ನದರು ಆಗಿದೆಯಂತೆ, ಹೊಸ ಐಡಿ ಮಾಡಿಕೊಂಡಿದ್ದಾನೆ. ಫೋನಿಗೆ ನಿಂಬೆಹಣ್ಣು ಕಟ್ಟೋಕೆ ಜಾಗ ಇಲ್ಲ, ಅದೊಂದು ಪುಣ್ಯ.

ಮೊದಲು ದೂರದ ಲೆಕ್ಕ ಮುಗಿಸಿಬಿಡೋಣ. ಗಾಜಿನ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಸರ್ವರ್, ಅಂದ್ರೆ ಎಲ್ಲರ ಆಟ ಜೋಡಿಸೋ ದೂರದ ಕಂಪ್ಯೂಟರ್, ಮುಂಬೈಯಲ್ಲಿದೆ, ಕೇಬಲ್ ಸುತ್ತಿ ಬಳಸಿ 600 ಕಿ.ಮೀ. ಅಂತಲೇ ಇಟ್ಕೊಳ್ಳಿ. ಹೋಗಿ ಬರೋಕೆ 6 ಮಿಲಿಸೆಕೆಂಡ್ ಸಾಕು. ಗೇಮಿನ ಮೂಲೆಯಲ್ಲಿ ಪಿಂಗ್ (ಹೋಗಿ ಬರೋ ಹೊತ್ತು, ಮಿಲಿಸೆಕೆಂಡಿನಲ್ಲಿ) 60, 80 ಅಂತ ಕಾಣ್ತಿದ್ರೆ ಉಳಿದದ್ದೆಲ್ಲ ಟವರ್‌ನಲ್ಲಿ, ದಾರಿಯ ರೂಟರ್‌ಗಳಲ್ಲಿ ಸರದಿ ಕಾದ ಹೊತ್ತು. 5ಜಿ ಬಂದ್ರೆ ಸಿನಿಮಾ ಬೇಗ ಡೌನ್‌ಲೋಡ್ ಆಗುತ್ತೆ ನಿಜ. ಆದರೆ ಗೇಮಿಗೆ ಬೇಕಾಗಿರೋದು ರಾಶಿ ಡೇಟಾ ಅಲ್ಲ, ಚಿಕ್ಕ ಚಿಕ್ಕ ಸುದ್ದಿ, ಹೊತ್ತಿಗೆ ಸರಿಯಾಗಿ. ಇನ್ನು ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ ಫೋನಿನ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತೆ. ಅದಕ್ಕೆ ನೆರಳು, ಗಾಳಿ ಬೇಕು, ಫ್ರಿಜ್ ಅಲ್ಲ. ಫ್ರಿಜ್‌ನಿಂದ ತೆಗೆದ ಫೋನ್ ಒಳಗೆ ನೀರು ಹನಿಗಟ್ಟುತ್ತೆ.

ಇವೆಲ್ಲ ಸಣ್ಣ ಕಳ್ಳರು. ದೊಡ್ಡ ಕಳ್ಳ ಬೇರೆ, ಅವನು ಗುಣಾಕಾರದ ಮಗ್ಗಿಯಲ್ಲಿ ಅಡಗಿದ್ದಾನೆ.

ಒಂದು ಮೈದಾನದಲ್ಲಿ 100 ಜನ ಆಡ್ತಿದ್ದಾರೆ. ಪ್ರತಿಯೊಬ್ಬನಿಗೂ ಉಳಿದ 99 ಜನ ಎಲ್ಲಿದ್ದಾರೆ, ಯಾವ ಕಡೆ ಮುಖ ಮಾಡಿದ್ದಾರೆ ಅಂತ ಸರ್ವರ್ ಹೇಳಬೇಕು. ಒಂದು ಸುತ್ತಿಗೆ 9,900 ಸುದ್ದಿ. ಸೆಕೆಂಡಿಗೆ 30 ಸಲ ಹೇಳಿದರೆ ಸುಮಾರು 3 ಲಕ್ಷ. ಈಗ ಮೈದಾನಕ್ಕೆ 1,000 ಜನ ಬಿಡಿ. ಜನ ಹತ್ತು ಪಟ್ಟು ಆದರು, ಸುದ್ದಿ ನೂರು ಪಟ್ಟು ಆಯ್ತು. ಸೆಕೆಂಡಿಗೆ ಸುಮಾರು 3 ಕೋಟಿ! ನೀವು ಎಂಥ ಫೋನ್ ಕೊಂಡರೂ ಈ ಗುಣಾಕಾರ ಬದಲಾಗಲ್ಲ. ದೊಡ್ಡ ಕಾಳಗದ ಗೇಮ್ ಮಾಡೋರು ಮೂವತ್ತು ವರ್ಷದಿಂದ ಮಾಡ್ತಿರೋ ಕಸರತ್ತೆಲ್ಲ ಈ ಗುಣಾಕಾರದಿಂದ ತಪ್ಪಿಸಿಕೊಳ್ಳೋದಕ್ಕೇ.

ಅದರಲ್ಲಿ ನನಗೆ ಅತಿ ಇಷ್ಟವಾದ ಉಪಾಯ ಹಳೇದು. 1997ರಲ್ಲಿ ಬಂದ ಏಜ್ ಆಫ್ ಎಂಪೈರ್ಸ್ ಅನ್ನೋ ಕಂಪ್ಯೂಟರ್ ಯುದ್ಧದ ಗೇಮ್ ನೆನಪಿದೆಯಾ? ಅದನ್ನು ಕಟ್ಟಿದವರ ಗುರಿ 90 ಮೆಗಾಹರ್ಟ್ಸ್‌ನ ಪೆಂಟಿಯಮ್, 16 ಎಂಬಿ ರ್‍ಯಾಮ್, ಟೆಲಿಫೋನ್ ತಂತಿಗೆ ಸಿಕ್ಕಿಸಿದ 28.8 ಕಿಲೋಬಿಟ್ ಮೋಡೆಮ್. ಆ ಮೋಡೆಮ್ ಸೆಕೆಂಡಿಗೆ ಸಾಗಿಸೋದು ಹೆಚ್ಚೆಂದರೆ 3,600 ಬೈಟ್. ಅದರಲ್ಲಿ 8 ಜನ ಆಡಬೇಕು, ಮೈದಾನದಲ್ಲಿ ನೂರಾರು ಸೈನಿಕರು ಓಡಾಡಬೇಕು. 1,500 ಬಿಲ್ಲುಗಾರರು ಅಂತ ಇಟ್ಕೊಳ್ಳಿ. ಒಬ್ಬೊಬ್ಬನ ಜಾಗ, ದಿಕ್ಕು, ಗಾಯ ಎಲ್ಲ ಸೇರಿ ಬರೀ 10 ಬೈಟ್, ಸೆಕೆಂಡಿಗೆ ಬರೀ 5 ಸಲ. ಆದರೂ 75,000 ಬೈಟ್ ಆಯ್ತು. ತಂತಿಗೆ ಹಿಡಿಯೋದರ ಇಪ್ಪತ್ತು ಪಟ್ಟು. ಗೇಮ್ ಕಟ್ಟಿದವರೇ ಲೆಕ್ಕ ಹಾಕಿ ನೋಡಿದರು: ಹೀಗೆ ಸುದ್ದಿ ಕಳಿಸುತ್ತಾ ಕೂತರೆ 250ಕ್ಕಿಂತ ಜಾಸ್ತಿ ಸೈನಿಕರು ಓಡಾಡೋಕೆ ಆಗಲ್ಲ.

ಅವರು ಏನು ಮಾಡಿದರು? ಸೈನಿಕರ ಸುದ್ದಿ ಕಳಿಸೋದನ್ನೇ ಬಿಟ್ಟುಬಿಟ್ಟರು.

ಬೀದರಿನಲ್ಲಿರೋ ಗೆಳೆಯನ ಜೊತೆ ನೀವು ಫೋನಿನಲ್ಲಿ ಚದುರಂಗ ಆಡ್ತೀರಿ ಅಂದುಕೊಳ್ಳಿ. ಅವನ ಮನೆಯಲ್ಲೊಂದು ಮಣೆ, ನಿಮ್ಮ ಮನೆಯಲ್ಲೊಂದು ಮಣೆ. ಪ್ರತಿ ಸಲ "ನನ್ನ ಆನೆ ಇಲ್ಲಿದೆ, ಒಂಟೆ ಅಲ್ಲಿದೆ, ಎಂಟು ಕಾಲಾಳು ಹೀಗಿದ್ದಾರೆ" ಅಂತ 32 ಕಾಯಿಯ ಪಟ್ಟಿ ಯಾರಾದರೂ ಓದ್ತಾರಾ? "ಕುದುರೆ ನಡೆಸಿದೆ, ಈ ಮನೆಗೆ" ಅಂದರೆ ಮುಗೀತು. ನಿಯಮ ಇಬ್ಬರಿಗೂ ಗೊತ್ತು, ಆಟ ಶುರುವಾದಾಗ ಮಣೆ ಒಂದೇ ಥರ ಇತ್ತು, ಹಾಗಾಗಿ ಈಗಲೂ ಒಂದೇ ಥರ ಇರಲೇಬೇಕು. ಮಣೆ ಮೇಲೆ 32 ಕಾಯಿ ಇರಲಿ, 3,200 ಇರಲಿ, ಫೋನಿನಲ್ಲಿ ಆಡೋ ಮಾತು ಅಷ್ಟೇ ಉದ್ದ.

ಏಜ್ ಆಫ್ ಎಂಪೈರ್ಸ್ ಮಾಡಿದ್ದು ಇದನ್ನೇ. ಎಂಟು ಕಂಪ್ಯೂಟರ್‌ನಲ್ಲೂ ಪೂರ್ತಿ ಯುದ್ಧ ಬೇರೆ ಬೇರೆಯಾಗಿ ನಡೆಯುತ್ತೆ. ತಂತಿಯಲ್ಲಿ ಹೋಗೋದು ಅಪ್ಪಣೆ ಮಾತ್ರ: ಈ ಗುಂಪು ಅಲ್ಲಿಗೆ ಹೋಗಲಿ, ಆ ಗುಂಪು ಇವನನ್ನು ಹೊಡೆಯಲಿ. ಬಾಣ ತಗಲಿತೋ ತಪ್ಪಿತೋ ಅನ್ನೋ ಅದೃಷ್ಟದ ಸಂಖ್ಯೆಗಳೂ ಎಲ್ಲ ಕಡೆ ಒಂದೇ ಬೀಜದಿಂದ, ಅಂದ್ರೆ ಒಂದೇ ಮೊದಲ ಸಂಖ್ಯೆಯಿಂದ, ಹುಟ್ಟುತ್ತವೆ, ಅದಕ್ಕೇ ಒಂದೇ ಸಾಲಿನಲ್ಲಿ ಬರುತ್ತವೆ. ಸಮಯವನ್ನು ಸುಮಾರು 200 ಮಿಲಿಸೆಕೆಂಡಿನ ಸರದಿಗಳಾಗಿ ಕತ್ತರಿಸಿದ್ದರು. ನೀವು ಈಗ ಕೊಟ್ಟ ಅಪ್ಪಣೆ ನಡೆಯೋದು ಎರಡು ಸರದಿ ಆದ ಮೇಲೆ. ಅಷ್ಟರಲ್ಲಿ ಅದು ಎಲ್ಲರಿಗೂ ಮುಟ್ಟಿರುತ್ತೆ. ಅರ್ಧ ಸೆಕೆಂಡಿನ ಹತ್ತಿರ ತಡ, ಆದರೂ ಆಡೋರಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ಇಂಥ ಗೇಮ್‌ಗಳಲ್ಲಿ ಕ್ಲಿಕ್ ಮಾಡಿದ ಕೂಡಲೇ ಸೈನಿಕ ಓಗೊಡುತ್ತಾನೆ, ಕಾಲು ಎತ್ತೋದು ಆಮೇಲೆ. ಆ ಒಂದು ದನಿಯಲ್ಲಿ ತಡ ಮುಚ್ಚಿಹೋಗುತ್ತೆ. ಅವರು ಕಂಡುಕೊಂಡ ಇನ್ನೊಂದು ಸತ್ಯ ನನಗೆ ಇನ್ನೂ ಮಜಾ ಅನ್ನಿಸುತ್ತೆ. ಒಂದೇ ಸಮನಾಗಿ ನಿಧಾನ ಇದ್ದರೆ ಜನ ಹೊಂದಿಕೊಳ್ಳುತ್ತಾರೆ. ಒಮ್ಮೆ ಬೇಗ, ಒಮ್ಮೆ ತಡ ಆದರೆ ಸಿಟ್ಟಾಗುತ್ತಾರೆ.

ಈ ಉಪಾಯದ ಎಡವಟ್ಟು ಒಂದು ಜಿಂಕೆ. ನಕ್ಷೆ ಹುಟ್ಟುವಾಗ ಒಬ್ಬನ ಕಂಪ್ಯೂಟರ್‌ನಲ್ಲಿ ಒಂದು ಜಿಂಕೆ ಕೂದಲೆಳೆಯಷ್ಟು ಆಚೆ ನಿಂತಿತು ಅನ್ನಿ. ಅದು ಮೇಯೋ ದಾರಿ ಸ್ವಲ್ಪ ಬೇರೆ ಆಗುತ್ತೆ. ನಿಮಿಷಗಳ ನಂತರ ಬೇಟೆಗಾರನ ಈಟಿ ಗುರಿ ತಪ್ಪುತ್ತೆ, ಮಾಂಸ ಮನೆಗೆ ಬರಲ್ಲ. ಒಬ್ಬನ ಮಣೆಯಲ್ಲಿ ಊಟ ಇದೆ, ಇನ್ನೊಬ್ಬನದರಲ್ಲಿ ಇಲ್ಲ. ಅಲ್ಲಿಂದ ಮುಂದೆ ಇಬ್ಬರೂ ಬೇರೆ ಬೇರೆ ಯುದ್ಧ ಆಡ್ತಿದ್ದಾರೆ, ಒಂದೇ ಯುದ್ಧ ಅಂದುಕೊಂಡು. ಈ ಜಿಂಕೆಯ ಉದಾಹರಣೆ ಕೊಟ್ಟವರು ಆ ಗೇಮಿನ ಪ್ರೋಗ್ರಾಮರ್‌ಗಳೇ. ಕಂಪ್ಯೂಟರ್ ಲೆಕ್ಕದಲ್ಲಿ ತಪ್ಪಲ್ಲ ಅನ್ನೋರು ಒಂದು ಸಲ 0.1 ಮತ್ತು 0.2 ಕೂಡಿಸಿ ನೋಡಲಿ. ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳು 0.30000000000000004 ಅನ್ನುತ್ತವೆ. ದಶಾಂಶದ ಈ ಬಾಲವನ್ನು ಬೇರೆ ಬೇರೆ ಯಂತ್ರ ಬೇರೆ ಬೇರೆ ಥರ ಕತ್ತರಿಸಿದರೆ ಸಾಕು, ಜಿಂಕೆ ಸರಿದು ನಿಂತಿತು ಅಂತಲೇ ಲೆಕ್ಕ.

ಇನ್ನೂ ಎರಡು ದಂಡ ಇದೆ. ಪೂರ್ತಿ ಯುದ್ಧ ನಿಮ್ಮ ಯಂತ್ರದಲ್ಲೇ ಇರೋದರಿಂದ ನಕ್ಷೆಯಲ್ಲಿ ನೀವಿನ್ನೂ ನೋಡದ ಜಾಗ ಮುಚ್ಚಿರೋ ಕತ್ತಲೆ ಸರಿಸಿ ಶತ್ರುವಿನ ಊರು ಕದ್ದು ನೋಡೋ ಕಳ್ಳ ಸಾಫ್ಟ್‌ವೇರ್ ಬರೆಯೋದು ಸುಲಭ. ಎಲ್ಲರಿಗಿಂತ ಹಳೇ ಕಂಪ್ಯೂಟರ್ ಯಾರದೋ, ಅವನ ನಡಿಗೆಯೇ ಎಲ್ಲರ ನಡಿಗೆ.

ತಂತಿ ದಾಟಿದ ಮೇಲೂ ಸೈನ್ಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೆ. ಬೀದರ್ ಕೋಟೆ ನೋಡಿದವರಿಗೆ ಗೊತ್ತು: ಬಂಡೆ ಕೊರೆದ ಮೂರು ಸಾಲಿನ ಕಂದಕ, ಒಂದರ ಹಿಂದೆ ಒಂದು ದರವಾಜ. ಹೊರಗೆ ಎಷ್ಟು ಸಾವಿರ ಇದ್ದರೇನು, ಒಳಗೆ ನುಗ್ಗೋದು ಬೆರಳೆಣಿಕೆಯ ಜನ. 1705ರಲ್ಲಿ ಔರಂಗಜೇಬ್ ತನ್ನ ಕೊನೆಯ ಮುತ್ತಿಗೆಗೆ ಬಂದದ್ದು ನಮ್ಮ ಯಾದಗಿರಿ ಸೀಮೆಗೇ, ಸುರಪುರದ ಹತ್ತಿರದ ವಾಗಣಗೇರಿಗೆ. ದೊಡ್ಡ ಮೊಘಲ್ ಪಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣಗಾಡಿತು. ಕೊನೆಗೆ ಕೋಟೆ ಸಿಕ್ಕಿತು, ಅಲ್ಲಿನ ದೊರೆ ಪಿಡ್ಡನಾಯಕ ಸಿಗಲಿಲ್ಲ.

ಗೇಮಿನಲ್ಲೂ ಸೈನಿಕರು ದರವಾಜದ ಮುಂದೆ ಹೀಗೇ ಸಿಕ್ಕಿಬೀಳುತ್ತಾರೆ. ಸಾವಿರ ಸೈನಿಕರು ಸಾವಿರ ಸಲ ಬೇರೆ ಬೇರೆಯಾಗಿ ದಾರಿ ಹುಡುಕಿದರೆ ಪ್ರೊಸೆಸರ್ ಉಸಿರು ಬಿಡುತ್ತೆ. 2010ರ ಸುಪ್ರೀಂ ಕಮಾಂಡರ್ 2 ಅನ್ನೋ ಗೇಮ್ ಇದನ್ನು ತಿರುವು ಹಾಕಿತು. ಗುರಿಯಿಂದ ಹಿಂದಕ್ಕೆ ಒಂದೇ ಸಲ ಲೆಕ್ಕ ಮಾಡಿ, ನೆಲದ ಪ್ರತಿ ಚೌಕದ ಮೇಲೂ "ಇಲ್ಲಿಂದ ಈ ಕಡೆ" ಅಂತ ಬಾಣದ ಗುರುತು ಬರೆದಿಟ್ಟರು. ಸೈನಿಕ ಕಾಲ ಕೆಳಗಿನ ಬಾಣ ನೋಡಿ ನಡೆದರಾಯ್ತು.

ಅಪ್ಪಣೆ ಮಾತ್ರ ಕಳಿಸೋ ಉಪಾಯ ಎಂಟು ಜನಕ್ಕೆ ಸರಿ. ಎರಡು ಸಾವಿರ ಜನ ಒಂದೇ ಕಡೆ ಸೇರಿದರೆ? ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಬಾಹ್ಯಾಕಾಶದ ಗೇಮ್ ಈವ್ ಆನ್‌ಲೈನ್‌ನಲ್ಲಿ 2014ರ ಜನವರಿ 27ರಂದು ಇದೇ ಆಯ್ತು. ಆಟಗಾರರ ಒಂದು ಒಕ್ಕೂಟ ಒಂದು ನಕ್ಷತ್ರ ಮಂಡಲದ ಹಕ್ಕಿಗೆ ಕಟ್ಟಬೇಕಿದ್ದ ಬಾಕಿ ಕಟ್ಟಲಿಲ್ಲ. ವೈರಿಗಳು ನುಗ್ಗಿದರು. ಸುಮಾರು 21 ಗಂಟೆ ಕಾಳಗ, ಒಟ್ಟು 7,548 ಜನ, ಒಂದೇ ಹೊತ್ತಿಗೆ ಹೆಚ್ಚೆಂದರೆ 2,670. ಟೈಟನ್ ಅನ್ನೋ ಭಾರೀ ಅಂತರಿಕ್ಷ ಹಡಗುಗಳು 75 ನಾಶವಾದವು.

ಆ ಗೇಮಿನಲ್ಲಿ ಒಂದು ಮಂಡಲದ ಲೆಕ್ಕ ನಡೆಯೋದು ಪ್ರೊಸೆಸರ್‌ನ ಒಂದೇ ಕೋರ್ ಮೇಲೆ. ನಾಲ್ಕು ಯಂತ್ರ ಜಾಸ್ತಿ ಹಾಕ್ರಿ ಅನ್ನೋದು ಸುಲಭ. ಆದರೆ ಯಾರ ಗುಂಡು ಮೊದಲು ತಗಲಿತು, ಸತ್ತವನು ಸಾಯೋ ಮುಂಚೆ ಗುಂಡು ಹಾರಿಸಿದ್ದನೋ ಇಲ್ಲವೋ, ಇದೆಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು. ಸಾಲು ಹರಿದರೆ ನ್ಯಾಯ ಹರಿದಂಗೆ. ಅದಕ್ಕೆ ಸಿಸಿಪಿ ಕೈ ಹಾಕಿದ್ದು ಸಮಯಕ್ಕೇ. ಸರ್ವರ್ ಏದುಸಿರು ಬಿಡತೊಡಗಿದರೆ ಆ ಮಂಡಲದ ಗಡಿಯಾರವೇ ನಿಧಾನ ಆಗುತ್ತೆ, ಹತ್ತನೇ ಒಂದು ಭಾಗದವರೆಗೂ. ಆಗ ಗೇಮಿನ ಒಂದು ಸೆಕೆಂಡ್ ದಾಟೋಕೆ ನಮ್ಮ ಹತ್ತು ಸೆಕೆಂಡ್ ಬೇಕು. 21 ಗಂಟೆಯ ಯುದ್ಧದ ಗುಟ್ಟು ಇದೇ. ಎಲ್ಲರಿಗೂ ಸಮನಾಗಿ ನಿಧಾನ, ಹಾಗಾಗಿ ಯಾರೂ ಲ್ಯಾಗ್‌ನಿಂದ ಸತ್ತೆ ಅನ್ನೋ ಹಾಗಿಲ್ಲ. ನಿದ್ದೆ, ಕೆಲಸ, ಊಟ ಏನು ಮಾಡೋದು ಅನ್ನೋದು ಆಡೋರ ತಲೆನೋವು.

ನಮ್ಮ ಹುಡುಗರು ಆಡೋ ಬಿಜಿಎಂಐಯ (ಪಬ್ಜಿಯ ಭಾರತದ ರೂಪ) ಜಾಣತನ ಬೇರೆ ಥರದ್ದು, ಅದನ್ನು ಯಾರೂ ಹೊಗಳಲ್ಲ ಅನ್ನೋದು ನನ್ನ ತಕರಾರು. ಎರಂಗೆಲ್ ನಕ್ಷೆ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ವಿಮಾನದಿಂದ ಜಿಗಿದ 100 ಜನ ಚೆಲ್ಲಾಪಿಲ್ಲಿ ಆಗುತ್ತಾರೆ. ದೂರದವನ ಸುದ್ದಿ ನಿಮಗೆ ಅಷ್ಟಾಗಿ ಬೇಕಾಗಲ್ಲ. ಆಡೋರು ಒಳಗೇ ಇರಬೇಕಾದ ವೃತ್ತ ಸಣ್ಣದಾಗಿ ಎಲ್ಲರನ್ನೂ ಒಂದೇ ಹೊಲಕ್ಕೆ ತಳ್ಳೋ ಹೊತ್ತಿಗೆ ಉಳಿದವರು ಹತ್ತೋ ಹದಿನೈದೋ. ನೂರು ಜನರ ಯುದ್ಧ ಅಂತ ಹೆಸರು, ಆದರೆ ನೂರೂ ಜನ ಒಂದೇ ಜಾಗದಲ್ಲಿ ಗುಂಡು ಹಾರಿಸೋ ಗಳಿಗೆ ಬರೋದೇ ಇಲ್ಲ. ಎಲ್ಲರೂ ಒಟ್ಟಿಗೆ ಇರೋದು ಆಟ ಶುರುವಾಗೋ ಮುಂಚಿನ ದ್ವೀಪದಲ್ಲಿ. ಅಲ್ಲಿ ಸತ್ತರೂ ನಷ್ಟ ಇಲ್ಲ, ಚಿತ್ರ ತಡವರಿಸಿದರೂ ಯಾರೂ ಕೇಳಲ್ಲ.

ಈ ಗುಟ್ಟು ಮರೆತು ಬರೀ ಸಂಖ್ಯೆ ಏರಿಸಿದ್ದು 2021ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2042 ಅನ್ನೋ ಗುಂಡಿನ ಕಾಳಗದ ಗೇಮ್. ಆ ಸರಣಿಯಲ್ಲಿ 64 ಜನ ಆಡೋದು ರೂಢಿ. ಇದರಲ್ಲಿ 128 ಮಾಡಿದರು. ಸರ್ವರ್ ಹೊತ್ತುಕೊಂಡಿತು. ಆದರೆ ಅಷ್ಟು ಜನಕ್ಕೆ ನಕ್ಷೆ ದೊಡ್ಡದಾಯ್ತು, ನಕ್ಷೆ ದೊಡ್ಡದಾದಾಗ ಖಾಲಿ ಬಯಲಲ್ಲಿ ಓಡೋದೇ ಜಾಸ್ತಿ ಆಯ್ತು. ಗುಂಪು ಸೇರಿದ ಕಡೆ ಮಾತ್ರ ಗೊಂದಲವೋ ಗೊಂದಲ. ಮರುವರ್ಷ ಬ್ರೇಕ್‌ಥ್ರೂ ಅನ್ನೋ ಬಗೆಯ ಆಟದಿಂದ 128ನ್ನು ತೆಗೆದರು, ಹಲವು ನಕ್ಷೆಗಳನ್ನು ತಿದ್ದಿದರು. 2025ರ ಬ್ಯಾಟಲ್‌ಫೀಲ್ಡ್ 6ರಲ್ಲಿ ದೊಡ್ಡ ಕಾಳಗದ ಮಿತಿ ಮತ್ತೆ 64ಕ್ಕೇ ಬಂದು ನಿಂತಿತು. ಈ ಸಲ ಅಡ್ಡ ಬಂದದ್ದು ಪ್ರೊಸೆಸರ್ ಅಲ್ಲ. 128 ಜನರ ನಡುವೆ ನಾನೊಬ್ಬ ಏನು ಮಾಡಿದರೂ ಸೋಲು ಗೆಲುವು ಅಲ್ಲಾಡಲ್ಲ ಅಂತ ಆಡೋನಿಗೆ ಅನ್ನಿಸಿತ್ತು.