ಸೋತ ಪ್ರಯೋಗದ ಲೆಕ್ಕವೂ ಬೇಕು
1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್ ಆಸ್ಮಿಯಂ ಲೋಹವನ್ನು ವೇಗವರ್ಧಕವಾಗಿ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ ಬಳಸಿ ಅಮೋನಿಯಾ ತಯಾರಿಸಿ ತೋರಿಸಿದರು. ಆದರೆ ಆಸ್ಮಿಯಂ ಸಿಗುವುದೇ ಅಪರೂಪ. ಕಾರ್ಖಾನೆಗೆ ಬೇರೇನೋ ಬೇಕಿತ್ತು. ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ ಆಲ್ವಿನ್ ಮಿಟಾಶ್ ಮತ್ತು ಸಂಗಡಿಗರು ಪುಟ್ಟ ರಿಯಾಕ್ಟರ್‌ಗಳನ್ನು (ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆಗಳನ್ನು) ಜೋಡಿಸಿಕೊಂಡು ಹುಡುಕಾಟಕ್ಕೆ ಇಳಿದರು. ಕೆಲವೇ ವರ್ಷಗಳಲ್ಲಿ ಸುಮಾರು 2,500 ವಸ್ತುಗಳು, 6,500 ಪ್ರಯೋಗಗಳು! ಕೈಹಿಡಿದದ್ದು ಸ್ವೀಡನ್ನಿನ ಒಂದು ಕಬ್ಬಿಣದ ಅದಿರು. ಶುದ್ಧ ಕಬ್ಬಿಣಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡಿತು. ಅದರಲ್ಲಿ ಬೆರೆತಿದ್ದ ಕಲ್ಮಶಗಳೇ ಅದಕ್ಕೆ ಕಾರಣ.

ಇಂಥದ್ದನ್ನು ಮೊದಲೇ ಊಹಿಸುವುದು ಇವತ್ತಿಗೂ ಕಷ್ಟ. ಯಾವ ಧಾತುಗಳನ್ನು ಬೆರೆಸಬೇಕು, ಎಷ್ಟು ಬೆರೆಸಬೇಕು, ಎಷ್ಟು ಬಿಸಿಯಲ್ಲಿ ನಡೆಸಬೇಕು? ಒಂದನ್ನು ಬದಲಿಸಿದರೆ ಉಳಿದದ್ದೂ ಬದಲಾಗುತ್ತದೆ. ಹಾಗಾಗಿ ಮಿಟಾಶ್ ಅವರ ದಾರಿಯಲ್ಲೇ ಈಗ ಯಂತ್ರಗಳು ಓಡುತ್ತಿವೆ.

ಮೀಥೇನ್ ಅನಿಲದ ಉದಾಹರಣೆ ನೋಡಿ. ಆಮ್ಲಜನಕದ ಜೊತೆ ಸೇರಿಸಿ ಅದರಿಂದ ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನ್ ಮಾಡಬಹುದು. ಸ್ವಲ್ಪ ಹೆಚ್ಚು ಉರಿದರೆ ಸಾಕು, ಎಲ್ಲ ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ. ಜಪಾನಿನ ಸಂಶೋಧಕರು ಇದಕ್ಕೊಂದು ಸ್ವಯಂಚಾಲಿತ ಸಾಧನ ಕಟ್ಟಿದರು. 20 ಕೊಳವೆಗಳು, ಒಂದೊಂದರಲ್ಲಿ ಒಂದೊಂದು ವೇಗವರ್ಧಕದ ಪುಡಿ. ಯಂತ್ರವೇ ತಾಪಮಾನ ಏರಿಸುತ್ತದೆ, ಅನಿಲದ ಪ್ರಮಾಣ ಬದಲಿಸುತ್ತದೆ, ಹೊರಬಂದದ್ದನ್ನು ಅಳೆಯುತ್ತದೆ. 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕ: 59 ವೇಗವರ್ಧಕಗಳು, 12,708 ಅಳತೆಗಳು. ಅದೂ ಮೂರೇ ಸರದಿಯಲ್ಲಿ.

ನನಗೆ ಈ ವೇಗಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಎಲ್ಲ ಅಳತೆಗಳೂ ಒಂದೇ ರೀತಿಯಲ್ಲಿ ನಡೆದದ್ದು. ಒಳ್ಳೆಯ ವೇಗವರ್ಧಕ ಯಾವುದೆಂದು ಊಹಿಸಲು ಕಂಪ್ಯೂಟರ್‌ಗೆ ಕಲಿಸಬೇಕಾದರೆ ಇಂಥ ಅಳತೆಗಳೇ ಪಾಠ. ಹಳೆಯ ಪ್ರಬಂಧಗಳಲ್ಲಿ ಮಾಹಿತಿ ರಾಶಿ ಇದೆ, ನಿಜ. ಆದರೆ ಒಬ್ಬೊಬ್ಬರ ರಿಯಾಕ್ಟರ್ ಒಂದೊಂದು ಥರ. ಅದಕ್ಕಿಂತ ದೊಡ್ಡ ತೊಂದರೆ, ಗೆದ್ದ ಪ್ರಯೋಗಗಳೇ ಅಚ್ಚಾಗುತ್ತವೆ, ಸೋತವು ನೋಟ್‌ಬುಕ್ಕಿನಲ್ಲೇ ಉಳಿಯುತ್ತವೆ. ಬರೀ ಗೆಲುವನ್ನು ನೋಡಿ ಕಲಿತ ಕಂಪ್ಯೂಟರ್‌ಗೆ ಸೋಲು ಹೇಗಿರುತ್ತದೆ ಅಂತ ಗೊತ್ತಾಗುವುದಾದರೂ ಹೇಗೆ? ಎಲ್ಲರೂ ಬಳಸಿದ ಧಾತುಗಳನ್ನೇ ಅದು ಮತ್ತೆ ಮತ್ತೆ ಸೂಚಿಸುತ್ತದೆ, ಅಷ್ಟೆ.

ಅದಕ್ಕೇ ಜಪಾನಿನವರು ಇನ್ನೊಂದು ಧೈರ್ಯದ ಕೆಲಸ ಮಾಡಿದರು. ಯಾರ ಅನುಭವವನ್ನೂ ಕೇಳದೆ, ಸುಮ್ನೆ ಚೀಟಿ ಎತ್ತಿದ ಹಾಗೆ 300 ವೇಗವರ್ಧಕಗಳನ್ನು ಆರಿಸಿ ಪರೀಕ್ಷಿಸಿದರು. ಕೆಟ್ಟ ಫಲಿತಾಂಶವೂ ಒಳ್ಳೆಯದರ ಪಕ್ಕದಲ್ಲೇ ಪಟ್ಟಿ ಸೇರಿತು. ಯಾವ ಧಾತುಗಳ ಜೋಡಿ ಕೂಡಿಬರುತ್ತದೆ, ಯಾವುದು ಕೆಡಿಸುತ್ತದೆ ಎಂಬುದನ್ನು ಕಂಪ್ಯೂಟರ್ ಕಲಿಯಲು ಇಂಥ ಪಟ್ಟಿಯೇ ಬೇಕು ಅಲ್ವಾ?

ಲಿವರ್‌ಪೂಲ್ ವಿಶ್ವವಿದ್ಯಾಲಯದ ರೋಬಾಟ್ ಇನ್ನೂ ಒಂದು ಹೆಜ್ಜೆ ಮುಂದೆ. ಬೆಳಕಿನಿಂದ ನೀರಲ್ಲಿ ಹೈಡ್ರೋಜನ್ ಬಿಡಿಸುವ ಮಿಶ್ರಣ ಹುಡುಕಲು ಅದು 8 ದಿನಗಳಲ್ಲಿ 688 ಪ್ರಯೋಗ ನಡೆಸಿತು. ಮುಂದಿನದು ಯಾವುದು ಎಂಬುದನ್ನು ಹಿಂದಿನ ಫಲಿತಾಂಶ ನೋಡಿ ತಾನೇ ತೀರ್ಮಾನಿಸುತ್ತಿತ್ತು. ಸಿಕ್ಕ ಮಿಶ್ರಣ ಮೊದಲಿನದಕ್ಕಿಂತ 6 ಪಟ್ಟು ಚುರುಕಾಗಿತ್ತು.

ಇಷ್ಟಾದರೂ ಯಂತ್ರಕ್ಕೆ ಆತುರ ಮಾಡಲಾಗದ ಸಂಗತಿಯೊಂದಿದೆ. ಕಾರ್ಖಾನೆಯಲ್ಲಿ ವೇಗವರ್ಧಕ ವರ್ಷಗಟ್ಟಲೆ ಬಾಳಬೇಕು. ಬಿಸಿಗೆ ಅದರ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಮೇಲೆ ಮಸಿ ಕೂರುತ್ತದೆ. ಕೆಲವೇ ಗಂಟೆಗಳ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಪಟ್ಟಿಯ ಮೊದಲ ಸಾಲಲ್ಲಿ ನಿಂತ ಪುಡಿಯನ್ನು ಯಾರಾದರೂ ರಿಯಾಕ್ಟರ್‌ಗೆ ತುಂಬಿ ತಿಂಗಳುಗಟ್ಟಲೆ ಓಡಿಸಿಯೇ ನೋಡಬೇಕು.