‘ವಜಾ’ ಬೇರೆ, ರಿಟ್ರೆಂಚ್‌ಮೆಂಟ್ ಬೇರೆ

ಕಂಪನಿಯೊಂದು ಐನೂರು ಜನರನ್ನು ಮನೆಗೆ ಕಳಿಸಿದರೆ ಮರುದಿನದ ತಲೆಬರಹ ‘500 ಸಿಬ್ಬಂದಿ ವಜಾ’. ಒಳಗಿನ ಸುದ್ದಿಯಲ್ಲಿ ಅದೇ ‘ಲೇ-ಆಫ್’. ಎರಡೂ ತಪ್ಪು. ಐವತ್ತು ದಾಟಿದ ಕಾರ್ಮಿಕರ ಮಟ್ಟಿಗಂತೂ ಇದು ದುಡ್ಡು ಕಳೆಯುವ ತಪ್ಪು.

‘ವಜಾ’ದ ಬೇರು ಅರಬ್ಬಿಯಲ್ಲಿದೆ, ಅಲ್ಲಿ ಇಡುವುದು, ಕೆಳಗಿಡುವುದು ಎಂಬ ಅರ್ಥ. ಪಾರಸಿಯ ದಾರಿಯಲ್ಲಿ ನಮ್ಮ ಕಡೆಯ ಲೆಕ್ಕಪತ್ರಕ್ಕೆ ಬರುವಷ್ಟರಲ್ಲಿ ‘ಕಳೆಯುವುದು’ ಎಂದಾಯಿತು. ಮರಾಠಿ ಶಾಲೆಗಳಲ್ಲಿ ಕಳೆಯುವ ಲೆಕ್ಕಕ್ಕೆ ಈಗಲೂ ‘ವಜಾಬಾಕಿ’ ಎನ್ನುತ್ತಾರೆ. ನಮ್ಮಲ್ಲೂ ‘ಮುಂಗಡ ವಜಾ ಮಾಡಿ ಬಾಕಿ ಇಷ್ಟು’ ಎಂಬ ಮಾತಿದೆ. ಕೋರ್ಟು ಅರ್ಜಿಯನ್ನು ವಜಾ ಮಾಡುತ್ತದೆ; ಇಲಾಖೆ ವಿಚಾರಣೆ ನಡೆಸಿ ನೌಕರನನ್ನು ವಜಾ ಮಾಡುತ್ತದೆ. ಅಂದರೆ ನೌಕರಿಯ ವಿಷಯದಲ್ಲಿ ಅದು ಶಿಕ್ಷೆ. ಕದ್ದು ಸಿಕ್ಕಿಬಿದ್ದವನೂ ವಜಾ, ಹೊಸ ಯಂತ್ರ ಬಂದಿದ್ದಕ್ಕೆ ಹೊರಬಿದ್ದವನೂ ವಜಾ ಎಂದರೆ ಹೇಗೆ?

ಲೇ-ಆಫ್ ಎಂದರೆ ಕಲ್ಲಿದ್ದಲು, ಕರೆಂಟು, ಕಚ್ಚಾಮಾಲು ಇಲ್ಲದೆ ಕೆಲಸ ತಾತ್ಕಾಲಿಕವಾಗಿ ನಿಲ್ಲುವುದು. ನೌಕರಿ ಹೋಗುವುದಿಲ್ಲ, ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗುತ್ತದೆ. ಶಿಕ್ಷೆಯಲ್ಲದ ಕಾರಣಕ್ಕೆ ಮಾಲೀಕನೇ ಕೆಲಸ ಕೊನೆಗೊಳಿಸಿದರೆ ಅದು ರಿಟ್ರೆಂಚ್‌ಮೆಂಟ್. ‘ಉದ್ಯೋಗ ಕಡಿತ’ ಎಂದರೂ ಸರಿ. ಸ್ವಯಂ ನಿವೃತ್ತಿ, ವಯೋನಿವೃತ್ತಿ, ಅವಧಿ ಮುಗಿದ ಗುತ್ತಿಗೆ ಇದರೊಳಗೆ ಬರುವುದಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಈ ಭೇದ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಆದರೆ ಮ್ಯಾನೇಜರ್ ದರ್ಜೆಯವರಿಗೆ ಇದರ ರಕ್ಷಣೆಯಿಲ್ಲ.

ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,800 ರೂಪಾಯಿ, 18 ವರ್ಷ ಸೇವೆ ಎಂದಿಟ್ಟುಕೊಳ್ಳಿ. ರಿಟ್ರೆಂಚ್‌ಮೆಂಟ್ ಆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ. ವರ್ಷಕ್ಕೆ 15 ದಿನದ ಪರಿಹಾರ: ಅರ್ಧ ತಿಂಗಳು 10,400, ಒಟ್ಟು 1,87,200. ದೀರ್ಘ ಸೇವೆಗೆ ಕೊಡುವ ಗ್ರಾಚ್ಯುಟಿ ಬೇರೆ. ಅದಕ್ಕೆ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಹಾಗಾಗಿ ವರ್ಷಕ್ಕೆ 12,000, ಒಟ್ಟು 2,16,000. ಒಂದನ್ನು ಕೊಟ್ಟು ‘ಎಲ್ಲ ಇದರಲ್ಲೇ ಸೇರಿದೆ’ ಎನ್ನುವುದು ಹಳೆಯ ಚಾಳಿ.

‘ರಾಜೀನಾಮೆ ಬರೆದುಕೊಡಿ, ಮರ್ಯಾದೆ ಉಳಿಯುತ್ತೆ’ ಎಂಬ ಎಚ್‌ಆರ್ ಸಲಹೆಗೆ ಸಹಿ ಹಾಕಿದರೆ ಗ್ರಾಚ್ಯುಟಿ ಸಿಗುತ್ತದೆ, ಪರಿಹಾರ ಹೋಗುತ್ತದೆ. ಕೆಲಸ ಕಳೆದುಕೊಂಡವರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕೊಡುವ ಭತ್ಯೆಯೂ ಕೈತಪ್ಪುತ್ತದೆ.

‘ನಿರುದ್ಯೋಗ ಭತ್ಯೆ’ ಎಂದೊಡನೆ ಯುವನಿಧಿ ನೆನಪಾಗುವುದು ಇನ್ನೊಂದು ಗೊಂದಲ. ಅದು ಹೊಸದಾಗಿ ಪಾಸಾದ ಪದವೀಧರರಿಗೆ, ಡಿಪ್ಲೊಮಾದವರಿಗೆ. 52ನೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ವಿಮಾದಾರರು ನೋಡಬೇಕಾದದ್ದು ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರಲ್ಲಿ ಸರಾಸರಿ ದಿನಗಳಿಕೆಯ ಶೇ 25 ಇದ್ದ ದರ 2020ರಲ್ಲಿ ಶೇ 50 ಆಯಿತು. ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಕೆಲಸ ಹೋಗಿ 30 ದಿನವಾದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹಿಂದಿನ ಎರಡು ವರ್ಷದ ಗಳಿಕೆಯನ್ನು 730ರಿಂದ ಭಾಗಿಸಿ ಅದರ ಅರ್ಧ ಕೊಡುತ್ತಾರೆ: ಮೇಲಿನ ಸಂಬಳಕ್ಕೆ ದಿನಕ್ಕೆ ಸುಮಾರು 342 ರೂಪಾಯಿ. ಯೋಜನೆಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಹಾಗಾಗಿ ಈಗ ಜಾರಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಮೊದಲು ಕೇಳಿ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ. ಮಾಲೀಕ ಇಎಸ್‌ಐಗೆ ಸಲ್ಲಿಸುವ ಮಾಸಿಕ ವಂತಿಗೆ ಪಟ್ಟಿಯಲ್ಲಿ ‘ಕೆಲಸ ಬಿಟ್ಟರು’ ಎಂಬುದಕ್ಕೊಂದು ಸಂಕೇತ, ‘ರಿಟ್ರೆಂಚ್‌ಮೆಂಟ್’ ಎಂಬುದಕ್ಕೆ ಇನ್ನೊಂದು. ಅಕೌಂಟ್ಸ್‌ನವರು ಅಭ್ಯಾಸಬಲದಿಂದ ಮೊದಲನೆಯದನ್ನೇ ಒತ್ತುತ್ತಾರೆ. ಕೊನೆಯ ದಿನ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವಾಗಲೇ ಅದನ್ನೂ ಕೇಳಿ. ಬಿಡುಗಡೆ ಪತ್ರದಲ್ಲಿ ‘ರಿಟ್ರೆಂಚ್‌ಮೆಂಟ್’ ಎಂಬ ಪದವೇ ಇರಲಿ.

ಕೈ ಖಾಲಿಯೆಂದು 50 ದಾಟಿದ ತಕ್ಷಣ ಪಿಎಫ್ ಪಿಂಚಣಿಗೆ ಅರ್ಜಿ ಹಾಕುವವರಿದ್ದಾರೆ. 10 ವರ್ಷ ಸೇವೆಯಾಗಿದ್ದರೆ ಕೊಡುತ್ತಾರೆ, ನಿಜ. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ಶೇ 4ರಂತೆ ಕಡಿತ. 58 ತುಂಬಿದ ಮೇಲೂ ಅದು ಸರಿಹೋಗುವುದಿಲ್ಲ.